ಬರ ನೋಡಲು ಬರುವ ಮಹನೀಯರಿಗೆ

ಬರ ಅಧ್ಯಯನ ತಂಡದ ಮಾನ್ಯ ಸದಸ್ಯರಿಗೆ, ಪಾವಗಡ ತಾಲ್ಲೂಕಿನಿಂದ ನಮಸ್ಕಾರಗಳು.

ನೀವು ಯಾವ ವರ್ಷದ ತಂಡವೋ ನನಗೆ ತಿಳಿಯದು. ಅದಕ್ಕೇ ಈ ಪತ್ರದ ಮೇಲೆ ಇಸವಿ ಹಾಕಿಲ್ಲ. ಯಾವ ವರ್ಷದವರು ಓದಿದರೂ ಹೊಂದುತ್ತದೆ. ಮುಂಗಾರು ಕೈಕೊಡುತ್ತದೆ, ತಾಲ್ಲೂಕುಗಳ ಪಟ್ಟಿ ಹೊರಡುತ್ತದೆ, ಆಮೇಲೆ ನೀವು ಬರುತ್ತೀರಿ. ಮಳೆ ತಪ್ಪಿದರೂ ಈ ಕ್ರಮ ತಪ್ಪಿದ್ದಿಲ್ಲ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದಾಗ ನಮಗೆ ಒಳಗೊಳಗೇ ಸ್ವಲ್ಪ ಬೇಸರವಾಯಿತು. ನಮ್ಮದು ಮನೆತನದ ಬರ. ನಿನ್ನೆ ಮೊನ್ನೆಯವರೆಗೆ ಕಾಲುವೆ ನೀರಲ್ಲಿ ಕಾಲು ತೊಳೆಯುತ್ತಿದ್ದವರೂ, ಕೊಡೆ ಮಡಚಿ ಗೊತ್ತಿಲ್ಲದವರೂ ಏಕಾಏಕಿ ಬಂದು ನಮ್ಮ ಸಾಲಿನಲ್ಲಿ ನಿಂತುಬಿಟ್ಟರೆ ಹಿರಿಯರಿಗೆ ಏನು ಮರ್ಯಾದೆ? 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ 39 ತಾಲ್ಲೂಕುಗಳಿಗೆ ‘ಅತ್ಯಂತ ಹಿಂದುಳಿದ’ ಎಂಬ ಪದವಿ ಕೊಟ್ಟಿತು. ಅದರಲ್ಲಿ ನಾವಿದ್ದೇವೆ, ಪಕ್ಕದ ಮಧುಗಿರಿಯಿದೆ, ಶಿರಾ ಇದೆ. ಅಂಥ ಪದವಿಯನ್ನು ಇಪ್ಪತ್ತು ವರ್ಷಕ್ಕೂ ಮೀರಿ ಕಾಪಾಡಿಕೊಂಡು ಬರುವುದು ಸುಲಭವಲ್ಲ, ದಯವಿಟ್ಟು ಗಮನಿಸಬೇಕು.

ದಾರಿ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ದಾಬಸ್‌ಪೇಟೆ, ಕೊರಟಗೆರೆ, ಮಧುಗಿರಿ. ಮಧುಗಿರಿಯ ಏಕಶಿಲೆಯ ಬೆಟ್ಟ ಕಂಡಾಗ ಕಾರು ನಿಲ್ಲಿಸಿ ಫೋಟೊ ತೆಗೆಯಿರಿ, ಎಲ್ಲರೂ ತೆಗೆಯುತ್ತಾರೆ. ಮಿಡಿಗೇಶಿ ದಾಟಿದ ಮೇಲೆ ನಡುವೆ ಸ್ವಲ್ಪ ದೂರ ಆಂಧ್ರಪ್ರದೇಶ ಬರುತ್ತದೆ. ಗಾಬರಿ ಬೇಡ, ಡ್ರೈವರ್ ದಾರಿ ತಪ್ಪಿಲ್ಲ. ಪಾವಗಡ ಆಂಧ್ರದೊಳಕ್ಕೆ ಚಾಚಿಕೊಂಡ ಕರ್ನಾಟಕದ ತುಂಡು. ನಮ್ಮ ಜಿಲ್ಲಾಧಿಕಾರಿಗೆ ನಾವು ಅರ್ಜಿ ಕೊಡಬೇಕೆಂದರೆ ಇನ್ನೊಂದು ರಾಜ್ಯದ ನೆಲ ಹಾದು ತುಮಕೂರಿಗೆ ಹೋಗಬೇಕು. ಗಡಿಯ ಆಚೆಗೂ ಈಚೆಗೂ ಅದೇ ಕೆಮ್ಮಣ್ಣು, ಅದೇ ಕಡಲೆಕಾಯಿ, ಎಷ್ಟೋ ಮನೆಗಳಲ್ಲಿ ಅದೇ ತೆಲುಗು. ಅರ್ಜಿ ಬರೆಯುವ ಭಾಷೆಯೊಂದು ಬೇರೆ.

ಊರು ಸೇರಿದ ಮೇಲೆ ಶನಿಮಹಾತ್ಮನ ದರ್ಶನ ತಪ್ಪಿಸಬೇಡಿ. ಬೇರೆ ಊರಿನವರು ಶನಿ ಬಿಟ್ಟರೆ ಸಾಕಪ್ಪ ಎನ್ನುತ್ತಾರೆ, ನಾವು ಗುಡಿ ಕಟ್ಟಿ ಕೂರಿಸಿಕೊಂಡಿದ್ದೇವೆ. ಶ್ರಾವಣದ ಶನಿವಾರ ಬಸ್ಸುಗಟ್ಟಲೆ ಜನ ಬಂದು ತಮ್ಮ ಗ್ರಹಚಾರವನ್ನು ಇಲ್ಲಿ ಇಳಿಸಿ ಹೋಗುತ್ತಾರೆ. ಹೊರಗಿನಿಂದ ನಮ್ಮ ತಾಲ್ಲೂಕಿಗೆ ವರ್ಷವರ್ಷವೂ ತಪ್ಪದೆ ಬಂದು ಬೀಳುತ್ತಿದ್ದುದು ಬಹುಕಾಲ ಅದೊಂದೇ.

ಆಮೇಲೆ ನಿಮ್ಮನ್ನು ಒಂದು ಕಡಲೆಕಾಯಿ ಹೊಲಕ್ಕೆ ಕರೆದೊಯ್ಯುತ್ತಾರೆ. ಅದು ರಸ್ತೆ ಬದಿಯ ಹೊಲವೇ ಆಗಿರುತ್ತದೆ. ಬರ ಒಳಗಿನ ಹೊಲಗಳಿಗೂ ಬಂದಿರುತ್ತದೆ, ಕಾರು ಬರುವುದಿಲ್ಲ. ಹೊಲದವನು ಇಸ್ತ್ರಿ ಮಾಡಿದ ಅಂಗಿ ಹಾಕಿರುತ್ತಾನೆ, ಏಕೆಂದರೆ ಹಿಂದಿನ ದಿನ ಸಂಜೆಯೇ ಗ್ರಾಮ ಆಡಳಿತಾಧಿಕಾರಿಯಿಂದ ಫೋನು ಹೋಗಿರುತ್ತದೆ. ಅವನು ಬಗ್ಗಿ ಗಿಡವೊಂದನ್ನು ಕಿತ್ತು ನಿಮ್ಮ ಮುಂದೆ ಹಿಡಿಯುತ್ತಾನೆ. ದಯವಿಟ್ಟು ಕೈಗೆ ತೆಗೆದುಕೊಂಡು ನೋಡಿ. ಬಹುಶಃ ಗಿಡ ಹಸಿರಾಗಿಯೇ ಇರುತ್ತದೆ, ಎಲೆ ತುಂಬಿರುತ್ತದೆ. ನಿಮಗೆ ಅನುಮಾನ ಬರುತ್ತದೆ: ಇವರು ಇದನ್ನೇ ಬರ ಅನ್ನುವುದಾ?

ಸ್ವಾಮಿ, ಕಡಲೆಕಾಯಿ ವಿಚಿತ್ರ ಬೆಳೆ. ಹೂವು ಬಿಡುವುದು ನೆಲದ ಮೇಲೆ, ಕಾಯಿ ಕಟ್ಟುವುದು ನೆಲದ ಒಳಗೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥದೊಂದು ಎಳೆ ಕೆಳಮುಖವಾಗಿ ಬೆಳೆದು ಮಣ್ಣಿಗೆ ಇಳಿಯಬೇಕು, ಇಳಿದ ಮೇಲೆ ಅದರ ತುದಿ ಊದಿಕೊಂಡು ಕಾಯಿಯಾಗಬೇಕು. ಆ ಹತ್ತು ಹದಿನೈದು ದಿನದಲ್ಲಿ ಒಂದು ಹದ ಮಳೆ ಬೀಳದಿದ್ದರೆ ನೆಲ ಗಟ್ಟಿಯಾಗಿ ಸೂಜಿ ಇಳಿಯುವುದೇ ಇಲ್ಲ, ಹೊರಗೇ ಒಣಗಿ ಕಪ್ಪಾಗುತ್ತದೆ. ಇಳಿದವೂ ಜೊಳ್ಳಾಗುತ್ತವೆ. ಆಮೇಲೆ ಮಳೆ ಬಂತು ಅನ್ನಿ, ಗಿಡ ಸೊಂಪಾಗಿ ಚಿಗುರುತ್ತದೆ. ದನಕ್ಕೆ ಒಳ್ಳೆಯ ಮೇವು, ಮನುಷ್ಯನಿಗೆ ಏನೂ ಇಲ್ಲ. 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಉಪಗ್ರಹವೂ ನಿಮ್ಮ ಸಾಕ್ಷಿ. ಅದು ಆಕಾಶದಿಂದ ಹಸಿರನ್ನು ಅಳೆದು ಬೆಳೆಯ ಸ್ಥಿತಿ ಹೇಳುತ್ತದೆ. ನಮ್ಮ ಜೊಳ್ಳು ನೆಲದ ಕೆಳಗಿರುತ್ತದೆ. ಸಾಲದ್ದಕ್ಕೆ ಕೆರೆಯಂಗಳದಲ್ಲೂ ಹಳ್ಳದ ದಂಡೆಯಲ್ಲೂ ಬಳ್ಳಾರಿ ಜಾಲಿ ಎಂಥ ಬೇಸಿಗೆಯಲ್ಲೂ ಹಚ್ಚಗೆ ನಿಂತಿರುತ್ತದೆ. ಆಕಾಶದ ಕಣ್ಣಿಗೆ ಅದೂ ಹಸಿರೇ.

ಹಾಗಾಗಿ ನೀವು ಖುದ್ದು ಬರುವುದು ಒಳ್ಳೆಯದೇ. ಹಳ್ಳಿಗಳಲ್ಲಿ ಹತ್ತಕ್ಕೊಂದನ್ನು ಆರಿಸಿ ಹೊಲ ನೋಡಬೇಕೆಂದು ಅದೇ ಕೈಪಿಡಿ ಹೇಳುತ್ತದೆ. ಬೆಳೆ ನಷ್ಟ ನೂರಕ್ಕೆ 33 ಮುಟ್ಟಿದರೆ ಬರ, 50 ದಾಟಿದರೆ ತೀವ್ರ ಬರ. 32 ಆದರೆ? ಅದು ರೈತನ ಸ್ವಂತ ವಿಷಯ.

ಈವರೆಗಿನದೆಲ್ಲ ಪೀಠಿಕೆ. ನಾನು ಪತ್ರ ಬರೆಯಲು ಕೂತದ್ದು ಬೇರೆಯದಕ್ಕೆ.

ಆ ಹೊಲದಲ್ಲಿ ನೀವು ಗಿಡ ನೋಡುತ್ತಿರುವಾಗ ಬದುವಿನ ಮೇಲೆ ಕುತೂಹಲಕ್ಕೆ ಬಂದು ನಿಂತ ಹೆಂಗಸೊಬ್ಬಳು ಇರುತ್ತಾಳೆ. ಫೋಟೊದಲ್ಲಿ ಅಂಚಿಗೆ ಬಂದಿರುತ್ತಾಳೆ, ಕೆಲವೊಮ್ಮೆ ವರದಿಗೆ ಅಂಟಿಸುವಾಗ ಕತ್ತರಿಸಿಹೋಗುತ್ತಾಳೆ. ಅವಳಿಗೆ ಹೊಲವಿಲ್ಲ. ಇದೇ ಹೊಲದಲ್ಲಿ ಕಳೆ ಕೀಳುತ್ತಾಳೆ, ಬೆಳೆ ಬಂದರೆ ಗಿಡ ಕೀಳುತ್ತಾಳೆ, ಆಮೇಲೆ ಮನೆಯಂಗಳದಲ್ಲಿ ಕೂತು ಅಳತೆಯ ಮೇಲೆ ಕಾಯಿ ಬಿಡಿಸುತ್ತಾಳೆ. ಒಂದು ಬೆಳೆಯಲ್ಲಿ ಅವಳಿಗೆ ಮೂರು ಸುತ್ತಿನ ಕೂಲಿ. ಸೂಜಿ ಇಳಿಯದ ವರ್ಷ ಹೊಲದವನು ಕಳೆ ಕೀಳಿಸುವುದಿಲ್ಲ, ಕೀಳಿಸಿ ಏನು ಪ್ರಯೋಜನ. ಗಿಡಕ್ಕೆ ದನ ಬಿಡುತ್ತಾನೆ. ಬಿಡಿಸಲು ಕಾಯಿಯೇ ಇರುವುದಿಲ್ಲ. ಅವಳ ಮೂರು ಸುತ್ತೂ ಹೋಯಿತು. ಹೊಲದವನ ನಷ್ಟಕ್ಕೆ ಸರ್ವೆ ನಂಬರಿದೆ, ಹಿಸ್ಸಾ ಇದೆ, ಎಕರೆ-ಗುಂಟೆ ಇದೆ. ಅವಳ ನಷ್ಟಕ್ಕೆ ಯಾವ ನಂಬರು ಹಾಕುತ್ತೀರಿ?

ನಮ್ಮಲ್ಲಿ ಬರ ಬರುವುದು ಪಹಣಿಗೆ, ಮನುಷ್ಯರಿಗೆ ಬರುವುದಿಲ್ಲ. ಪಹಣಿ ಇರಬೇಕು, ಅದು ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ಆಧಾರ್‌ಗೆ ಜೋಡಣೆಯಾಗಿರಬೇಕು, ಅದರಲ್ಲಿ ನಮೂದಾದ ಬೆಳೆ ಹೊಲದಲ್ಲಿರುವ ಬೆಳೆಗೆ ತಾಳೆಯಾಗಬೇಕು. ಆಗ ಬರ ಅಧಿಕೃತ. ಜಮೀನು ಇನ್ನೂ ತಾತನ ಹೆಸರಿನಲ್ಲಿದ್ದು ಪೌತಿ ಖಾತೆಯಾಗಿಲ್ಲದಿದ್ದರೆ ಬರ ಬಂದಿರುವುದು ತೀರಿಹೋದ ತಾತನಿಗೆ. ಬಗರ್ ಹುಕುಂ ಸಾಗುವಳಿಯಾದರೆ ಸರ್ಕಾರದ ಜಮೀನಿಗೆ ಬರ, ಉತ್ತವನಿಗಿಲ್ಲ. ಇನ್ನೊಬ್ಬರ ಹೊಲವನ್ನು ವಾರಕ್ಕೆ, ಅಂದರೆ ಪಾಲಿಗೆ, ಮಾಡುವವನ ಪಾಡಂತೂ ಸ್ವಾರಸ್ಯದ್ದು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಿಂದ ಉಳುವವನೇ ಒಡೆಯನಾದ, ಗೇಣಿ ಪದ್ಧತಿ ನಿಷಿದ್ಧವಾಯಿತು. ಹಾಗಾಗಿ ಕಾನೂನಿನ ಕಣ್ಣಿಗೆ ಗೇಣಿದಾರನೆಂಬ ಪ್ರಾಣಿಯೇ ಇಲ್ಲ. ಬೀಜ ಅವನದು, ಗೊಬ್ಬರ ಅವನದು, ಸಾಲ ಅವನದು, ಜೊಳ್ಳೂ ಅವನದೇ. ಪರಿಹಾರ ಮಾತ್ರ ಖಾತೆದಾರನದು. ಆ ಖಾತೆದಾರ ಬೆಂಗಳೂರಿನಲ್ಲಿ ಇರಬಹುದು, ಹಣ ಬಂದ ಮೆಸೇಜು ನೋಡಿದಾಗಲೇ ಊರಲ್ಲಿ ಮಳೆಯಾಗಿಲ್ಲವೆಂದು ಅವನಿಗೆ ತಿಳಿಯಬಹುದು.

2023ರ ಲೆಕ್ಕ ತೆಗೆಯಿರಿ. ರಾಜ್ಯ ಸರ್ಕಾರ ಕೇಂದ್ರಕ್ಕೆ ಕಳಿಸಿದ ಬೇಡಿಕೆ ಒಟ್ಟು ₹18,171 ಕೋಟಿಯದು. ಬೆಳೆಗೆಂದು ಕೇಳಿದ್ದು ಅದರಲ್ಲಿ ₹4,663 ಕೋಟಿ. ಸಿಂಹಪಾಲು, ಅಂದರೆ ₹12,577 ಕೋಟಿ, ಬರದಿಂದ ಬದುಕಿನ ದಾರಿಯೇ ನಿಂತುಹೋದ ಕುಟುಂಬಗಳ ದಿನದ ಖರ್ಚಿಗೆ. ಬದುವಿನ ಮೇಲಿನ ಹೆಂಗಸಿಗೆ ಹೊಂದಬಹುದಾಗಿದ್ದ ಬಾಬತ್ತು ಅದೊಂದೇ. ಹಣ ಬಾರದೆ 2024ರ ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್‌ನಲ್ಲಿ ಬಂದದ್ದು ₹3,454 ಕೋಟಿ. ಬೆಳೆಯ ಬಾಬತ್ತಿಗೇ ಸಾಲದ ಆ ಮೊತ್ತದಲ್ಲಿ ಅವಳ ಪಾಲು ಎಷ್ಟಿರಬಹುದು, ನೀವೇ ಕಳೆದು ನೋಡಿ. ಆಮೇಲೆ ಜೀವನೋಪಾಯ ನಷ್ಟವೆಂದು ರಾಜ್ಯವೇ ಕೊಟ್ಟ ಅಷ್ಟಿಷ್ಟೂ ಹೋದದ್ದು ಸಣ್ಣ, ಅತಿಸಣ್ಣ ರೈತರ ಪಟ್ಟಿ ಹಿಡಿದು. ಆ ಪಟ್ಟಿಯ ಹಿಂದೆ ಮತ್ತದೇ ಪಹಣಿ.

ಹಾಗಂತ ಪಹಣಿ ಇದ್ದವರು ಹಬ್ಬ ಮಾಡಿದರೆಂದು ತಿಳಿಯಬೇಡಿ. ಮಳೆಯಾಶ್ರಿತ ಬೆಳೆ ಹೋದದ್ದಕ್ಕೆ ಆ ವರ್ಷ ನಿಗದಿಯಾಗಿದ್ದು ಹೆಕ್ಟೇರಿಗೆ ₹8,500, ಅದೂ ಎರಡು ಹೆಕ್ಟೇರಿನ ತನಕ. ಎಕರೆಗೆ ಹೆಚ್ಚುಕಮ್ಮಿ ₹3,400. ಈ ಅಂಕಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಿಮ್ಮ ಹುದ್ದೆಯ ಹಿರಿಯರೊಬ್ಬರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. 1876ರಿಂದ 78ರವರೆಗೆ ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರ ಬಿದ್ದಾಗ ದಕ್ಷಿಣದ ಸ್ಥಿತಿ ನೋಡಿ ಬರಲು ವೈಸರಾಯ್ ಲಿಟ್ಟನ್ ಕಳಿಸಿದ್ದು ಸರ್ ರಿಚರ್ಡ್ ಟೆಂಪಲ್ ಎಂಬವರನ್ನು. ಇಂದಿನ ಅಧ್ಯಯನ ತಂಡಗಳ ಮೂಲಪುರುಷ ಅನ್ನಬಹುದು. ಖರ್ಚು ವಿಪರೀತವಾಯಿತೆಂದು ಅವರು ಬರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದೂವರೆ ಪೌಂಡ್ ಧಾನ್ಯದಿಂದ ಒಂದು ಪೌಂಡಿಗೆ ಇಳಿಸಿದರು, ಜತೆಗೆ ಸ್ವಲ್ಪ ಚಿಲ್ಲರೆ. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಅಷ್ಟರಲ್ಲಿ ಕಲ್ಲು ಒಡೆಯುವವನು ಬದುಕಿಯಾನೇ ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಜಗಳಕ್ಕೇ ನಿಂತರು, ಕೆಲವು ತಿಂಗಳಲ್ಲಿ ಆ ಪ್ರಯೋಗ ಕೈಬಿಡಬೇಕಾಯಿತು. ಮೈಸೂರು ಸೀಮೆಯಲ್ಲಿ ಆ ಬರಕ್ಕೆ ಸುಮಾರು 10 ಲಕ್ಷ ಜನ ಬಲಿಯಾದರೆಂದು ಅಂದಾಜು. ಟೆಂಪಲ್ ಸಾಹೇಬರನ್ನು ಇತಿಹಾಸ ಕ್ಷಮಿಸಿಲ್ಲ, ಸರಿಯೇ. ಆದರೂ ಒಂದು ಮಾತು ಹೇಳಲೇಬೇಕು. ಕಾಮಗಾರಿಗೆ ಬಂದು ನಿಂತವನ ಹೊಟ್ಟೆಯನ್ನು ಅವರು ಅಳೆದರು, ಜಿಪುಣತನದಿಂದಲೇ ಅಳೆದರು. ಪಹಣಿ ಎಲ್ಲಿ ಅಂತ ಕೇಳಲಿಲ್ಲ.

ಅಮರ್ತ್ಯ ಸೇನ್ 1981ರಲ್ಲಿ ಪುಸ್ತಕವನ್ನೇ ಬರೆದು ಹೇಳಿದ್ದು ಇದನ್ನೇ: ಕ್ಷಾಮದಲ್ಲಿ ಜನ ಸಾಯುವುದು ದೇಶದಲ್ಲಿ ಅನ್ನವಿಲ್ಲದೆಯೇ ಆಗಬೇಕೆಂದಿಲ್ಲ, ಅನ್ನದ ಮೇಲೆ ಹಕ್ಕು ಕಳೆದುಕೊಂಡೂ ಸಾಯುತ್ತಾರೆ, ಕೂಲಿ ತಪ್ಪಿದವರು ಮೊದಲು. ಈಗ ಯಾರೂ ಸಾಯುವುದಿಲ್ಲ, ಪಡಿತರದ ಅಕ್ಕಿ ಇದೆ, ಗೃಹಲಕ್ಷ್ಮಿಯ ₹2,000 ಇದೆ. ನಮ್ಮ ಹೆಂಗಸು ಅದರಿಂದಲೇ ತಿಂಗಳು ದಾಟುತ್ತಾಳೆ. ಗಮನಿಸಿ, ಅವೆರಡೂ ಪಹಣಿ ಕೇಳದ ಯೋಜನೆಗಳು. ಬೆಂಗಳೂರಿನ ಟೀವಿಯಲ್ಲಿ ಅವಕ್ಕೆ ಬಿಟ್ಟಿ ಭಾಗ್ಯ ಎಂಬ ಹೆಸರಿದೆ. ಖಾತೆದಾರನಿಗೆ ಬಂದರೆ ಪರಿಹಾರ, ಕೂಲಿಯವಳಿಗೆ ಬಂದರೆ ಬಿಟ್ಟಿ. ಇರಲಿ.

ಈಗ ನಿಮ್ಮನ್ನು ನಮ್ಮ ಹೆಮ್ಮೆಯ ಸ್ಥಳಕ್ಕೆ ಕರೆದೊಯ್ಯಬೇಕು. ಶನಿಮಹಾತ್ಮನ ಗುಡಿ ಬಿಟ್ಟರೆ ದೇಶ ನಮ್ಮ ಹೆಸರು ಕೇಳಿದ್ದು 2005ರ ಫೆಬ್ರವರಿಯಲ್ಲಿ, ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ನಕ್ಸಲರು ಬಿದ್ದಾಗ. ಆಮೇಲೆ ಕೇಳಿದ್ದು 2018ರ ಮಾರ್ಚ್ 1ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸೌರ ಪಾರ್ಕ್ ಉದ್ಘಾಟಿಸಿದಾಗ. ಹೆಸರು ‘ಶಕ್ತಿ ಸ್ಥಳ’. ನಾಗಲಮಡಿಕೆ ಹೋಬಳಿಯಲ್ಲಿ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆ, 2,050 ಮೆಗಾವಾಟ್. ರಸ್ತೆಯ ದಿಬ್ಬದ ಮೇಲೆ ನಿಂತು ನೋಡಿದರೆ ಕಣ್ಣು ಹೋದಷ್ಟು ದೂರ ನೀಲಿ ಫಲಕಗಳು. ಹೊಸಬರು ದೂರದಿಂದ ಕೆರೆ ತುಂಬಿದೆ ಅಂದುಕೊಳ್ಳುತ್ತಾರೆ. ಪಾವಗಡದಲ್ಲಿ ಯಾರಾದರೂ ತುಂಬಿದ ಕೆರೆ ಕಂಡೆ ಅಂದರೆ ನಾವು ಅವರನ್ನು ಹೊಸಬರೆಂದೇ ಗುರುತಿಸುವುದು.

ಈ ಯೋಜನೆಯನ್ನು ನಾನು ಹೀಗಳೆಯುವುದಿಲ್ಲ. ಬಾಯಿಗೆ ಬಂದಂತೆ ಬೈಯುವುದು ಸುಲಭ, ಆದರೆ ಜಮೀನನ್ನು ಇಲ್ಲಿ ಸ್ವಾಧೀನ ಮಾಡಿಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ರೈತನ ಹೆಸರು ಪಹಣಿಯಲ್ಲಿ ಹಾಗೇ ಉಳಿಯಿತು. 28 ವರ್ಷದ ಕರಾರು, ಎಕರೆಗೆ ವರ್ಷಕ್ಕೆ ₹21,000, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಂತೆ ಏರಿಕೆ. ಸುಮಾರು 2,300 ರೈತರು ಸಹಿ ಹಾಕಿದರು. ಹತ್ತು ಎಕರೆ ಇದ್ದವನಿಗೆ ಮಳೆ ಬರಲಿ ಬಿಡಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಮಿಗಿಲು. ಅಷ್ಟು ಹಣವನ್ನು ಕಡಲೆಕಾಯಿ ಅವನಿಗೆ ಒಳ್ಳೆಯ ಮಳೆಯ ವರ್ಷದಲ್ಲೂ ತೋರಿಸಿದ್ದು ಅಪರೂಪ. ಸಾಲ ತೀರಿತು, ಮಗಳ ಮದುವೆಯಾಯಿತು, ಊರಲ್ಲಿ ಆರ್‌ಸಿಸಿ ಮನೆ ಎದ್ದಿತು. ಬಿಸಿಲನ್ನು ಶಾಪವೆಂದು ಬೈದುಕೊಂಡವರು ಬಿಸಿಲಿನ ಬಾಡಿಗೆ ತಿಂದರು. ಬಡತನ ಇಳಿಸುವುದು, ಬರ ತಾಳಿಕೊಳ್ಳುವ ಶಕ್ತಿ ಬೆಳೆಸುವುದು ಎಂದು ದೊಡ್ಡ ಸಭೆಗಳಲ್ಲಿ ಹೇಳುತ್ತಾರಲ್ಲ, ಅದು ಆ ಮನೆಗಳಲ್ಲಿ ನಿಜವಾಗಿ ನಡೆದಿದೆ.

ಮೇಲೆ ನೆನಪಿಟ್ಟುಕೊಳ್ಳಿ ಅಂದ ಅಂಕಿಯನ್ನು ಈಗ ತೆಗೆಯಿರಿ. ಎಕರೆ ಹೊಲದಲ್ಲಿ ಬೆಳೆಯಿಟ್ಟು ಕಳೆದುಕೊಂಡರೆ ₹3,400, ಏನೂ ಬೆಳೆಯದೆ ಬೇಲಿ ಹಾಕಿಸಿದರೆ ₹21,000. ಉಳುವವನಿಗೆ ಒಂದು ವರ್ಷ ಗೇಣಿಗೆ ಕೊಡುವುದು ಕಾನೂನಿನಲ್ಲಿ ನಿಷಿದ್ಧ, ಉಳದ ಕಂಪನಿಗೆ 28 ವರ್ಷ ಕೊಡುವುದು ಅಭಿವೃದ್ಧಿ. ಇಷ್ಟಾದ ಮೇಲೂ ನೇಗಿಲು ಹಿಡಿದಿರುವ ನಮ್ಮಂಥವರ ಬುದ್ಧಿಯ ಬಗ್ಗೆ ನಿಮ್ಮ ವರದಿಯಲ್ಲಿ ಪ್ರತ್ಯೇಕ ಅಧ್ಯಾಯ ಬೇಕು.

ಆದರೆ ಬದುವಿನ ಮೇಲಿನ ಹೆಂಗಸಿಗೆ ಅಲ್ಲೂ ಬದುವೇ ಗತಿಯಾಯಿತು. ಆ ಐದು ಊರುಗಳಲ್ಲಿ ಅವಳಂಥವರು ಯಾವ ಕರಾರಿಗೂ ಸಹಿ ಹಾಕಲಿಲ್ಲ, ಹಾಕಲು ಪಹಣಿಯಿರಲಿಲ್ಲ. ಹೊಲ ಹೋದದ್ದು ಖಾತೆದಾರನದು, ಅವನಿಗೆ ಬಾಡಿಗೆ ಬಂತು. ಹೊಲದ ಕೆಲಸ ಹೋದದ್ದು ಅವಳದು, ಅದಕ್ಕೆ ಬಾಡಿಗೆಯಿಲ್ಲ. ಪಾರ್ಕ್ ಕಟ್ಟುವಾಗ ಕಂಬ ನೆಡಲು, ಕೇಬಲ್ ಎಳೆಯಲು ಸಾಕಷ್ಟು ಕೆಲಸವಿತ್ತು. ಕಟ್ಟಿದ ಮೇಲೆ ಉಳಿದದ್ದು ಕಾವಲು, ಫಲಕ ಒರೆಸುವುದು, ಹುಲ್ಲು ಕೀಳುವುದು. ಅದೂ ಗುತ್ತಿಗೆದಾರನ ಕೈಕೆಳಗೆ, ಮೊದಲು ಹೊಲದಲ್ಲಿ ದುಡಿಯುತ್ತಿದ್ದವರಲ್ಲಿ ಕೆಲವರಿಗೆ ಮಾತ್ರ. ಕುರಿ ಸಾಕಿದವರ ಕಥೆ ಇನ್ನೂ ಚಿಕ್ಕದು. ಸುಗ್ಗಿ ಮುಗಿದ ಹೊಲಗಳು ಯಾರ ಹೆಸರಲ್ಲಿದ್ದರೂ ಕುರಿಗೆ ಎಲ್ಲವೂ ಒಂದೇ, ಬೀಡು ಅಂದರೆ ಊರಿನದೇ. 13,000 ಎಕರೆಗೆ ಬೇಲಿ ಬಿದ್ದಿತು. ಬೇಲಿಯ ಒಳಗಿನ ಹುಲ್ಲು ಕೀಳಲು ಕೂಲಿ ಕೊಡಬೇಕು, ಬೇಲಿಯ ಹೊರಗಿನ ಕುರಿಗೆ ಹುಲ್ಲಿಲ್ಲ. ಮಂದೆ ಮಾರಿದವರು ಬಹಳ. ಕುರಿ ಮಾರಿದ ದುಡ್ಡು ಎಷ್ಟು ದಿನ ಬರುತ್ತದೆ ಅಂತ ಕುರುಬರ ಹಟ್ಟಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಪಾರ್ಕನ್ನು ಇನ್ನೂ ವಿಸ್ತರಿಸುವ ಮಾತು ಕೇಳಿಬರುತ್ತಲೇ ಇದೆ. ಸಂತೋಷ. ಮುಂದಿನ ಕರಾರಿನಲ್ಲಿ ಎಕರೆಯ ಕಾಲಂ ಪಕ್ಕದಲ್ಲಿ ‘ಈ ಹೊಲದಲ್ಲಿ ಇದುವರೆಗೆ ಕೂಲಿ ಮಾಡಿದವರು’ ಅಂತ ಒಂದು ಕಾಲಂ ಹಾಕಿದರೆ ಎಷ್ಟು ಕಾಗದ ಹೆಚ್ಚಾದೀತು? ಬಾಡಿಗೆಯ ಜತೆಗೆ ನೂರಕ್ಕೆ ಇಷ್ಟು ಎಂದು ಅವರಿಗೆ ಕಟ್ಟಿಕೊಟ್ಟರೆ ಕರೆಂಟಿನ ಯೂನಿಟ್ಟಿಗೆ ಎಷ್ಟು ಪೈಸೆ ಏರೀತು? ಲೆಕ್ಕ ಬಲ್ಲವರು ನಿಮ್ಮ ತಂಡದಲ್ಲಿ ಇದ್ದೇ ಇರುತ್ತಾರೆ. ನಮ್ಮ ಊಹೆಯಲ್ಲಿ, ಲೆಕ್ಕ ಹಾಕಲು ಯಾರೂ ಹೇಳಿಲ್ಲ ಅಷ್ಟೇ.

ಊಟದ ಹೊತ್ತಿಗೆ ನಿಮ್ಮ ಮುಂದೆ ಬಾಟಲಿ ನೀರು ಇಟ್ಟಿರುತ್ತಾರೆ, ಅದನ್ನೇ ಕುಡಿಯಿರಿ. ನಮ್ಮ ಆಳದ ಬೋರುಗಳ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಮಾನಕ. ಅದನ್ನು ಮೀರಿದ ನೀರನ್ನು ಹುಟ್ಟಿದಾಗಿನಿಂದ ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟಿಯಿರುತ್ತದೆ, ವಯಸ್ಸಾದ ಮೇಲೆ ಬೆನ್ನು, ಮೊಣಕಾಲು ಹಿಡಿದುಕೊಳ್ಳುತ್ತವೆ. ಐದು ರೂಪಾಯಿ ನಾಣ್ಯ ಹಾಕಿದರೆ ಕ್ಯಾನು ತುಂಬಿಸುವ ಶುದ್ಧ ನೀರಿನ ಘಟಕಗಳು ಬಂದಿವೆ, ಕೆಡದೆ ಇದ್ದ ದಿನ ಅಲ್ಲಿ ಸಾಲು ಇರುತ್ತದೆ. ತುಂಗಭದ್ರಾ ಹಿನ್ನೀರನ್ನು ಪೈಪಿನಲ್ಲಿ ತರುವ ಯೋಜನೆಯ ಮೇಲೆ ಆಸೆಯಿದೆ. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟು ₹5,300 ಕೋಟಿ ಘೋಷಿಸಿದ್ದೂ ನಮಗೆ ಬಾಯಿಪಾಠ.

ನೀತಿ ಆಯೋಗದ ಬಹುಆಯಾಮದ ಬಡತನ ಸೂಚ್ಯಂಕದಲ್ಲಿ 12 ಅಳತೆಗಳಿವೆ, ಕುಡಿಯುವ ನೀರು ಅದರಲ್ಲೊಂದು. ಒಂಬತ್ತು ವರ್ಷದಲ್ಲಿ ದೇಶದಲ್ಲಿ 24.82 ಕೋಟಿ ಜನ ಬಡತನದಿಂದ ಹೊರಬಂದರೆಂದು 2024ರ ಜನವರಿಯಲ್ಲಿ ಅದು ಹೇಳಿತು. ನಮ್ಮಲ್ಲೂ ಎಷ್ಟೋ ಮಂದಿ ಹೊರಬಂದಿರಬೇಕು. ಆ ಲೆಕ್ಕಕ್ಕೆ ಆಧಾರವಾದ ಕುಟುಂಬ ಸಮೀಕ್ಷೆಯಲ್ಲಿ ಬೋರ್‌ವೆಲ್ ಸುಧಾರಿತ ಮೂಲ. ಹೋಗಿ ಬರಲು ಅರ್ಧ ಗಂಟೆಯ ನಡಿಗೆಯೊಳಗೆ ಅದು ಸಿಕ್ಕರೆ ಆ ಮನೆಗೆ ನೀರಿನ ಬಡತನವಿಲ್ಲ. ಬೋರಿನೊಳಗೆ ಏನಿದೆ ಎಂಬುದು ಸಮೀಕ್ಷೆಯ ಪ್ರಶ್ನೆಯಲ್ಲ. ಬೆನ್ನು ಬಾಗಿಸಿಕೊಂಡು ಕೊಡ ಹೊತ್ತು ಬರುವ ಅಜ್ಜಿ ನೀರಿನ ಮಟ್ಟಿಗೆ ಸುಖವಾಗಿದ್ದಾಳೆ ಎಂದು ನೀವು ಧೈರ್ಯವಾಗಿ ಬರೆದುಕೊಳ್ಳಬಹುದು.

ಉದ್ಯೋಗ ಖಾತ್ರಿ ಇದೆಯಲ್ಲ ಎನ್ನುತ್ತೀರಿ. ನಿಜ. ಖಾತ್ರಿಯ ಬೇರು ಇರುವುದೇ 1972–73ರ ಮಹಾರಾಷ್ಟ್ರದ ಬರದಲ್ಲಿ, ಕೂಲಿಯವರಿಗೆ ಮೊದಲು ಕೆಲಸ ಕೊಡಿ ಎಂಬ ಯೋಚನೆಯಲ್ಲಿ. 2005ರ ಕಾಯ್ದೆ 100 ದಿನ ಅಂದಿತು, ಬರವಿದ್ದರೆ ಇನ್ನೂ 50 ದಿನ ಕೊಡಲು ಅವಕಾಶವಿಟ್ಟಿತು. 2025–26ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ ₹370 ಇತ್ತು. ಪಹಣಿಯಿಲ್ಲದವರ ಬರಕ್ಕೆ ಹೆಸರು ಕೊಟ್ಟ ಕಾನೂನು ನಮ್ಮಲ್ಲಿ ಇತ್ತೆಂದರೆ ಅದೇ. ಆದರೆ ಕೂಲಿ 15 ದಿನದಲ್ಲಿ ಬರಬೇಕೆಂಬುದು ಕಾಗದದ ಮಾತಾಗಿತ್ತು, ಬರುವಾಗ ಬರುತ್ತಿತ್ತು. ಅಂಗಡಿಯ ಸಾಲ ಅಲ್ಲಿಯವರೆಗೆ ಕಾಯುತ್ತಿರಲಿಲ್ಲ.

ಹೊರದೇಶದ ಉದಾಹರಣೆ ಇಲ್ಲದೆ ನಿಮ್ಮ ವರದಿಗೆ ಗೌರವ ಬರುವುದಿಲ್ಲವೆಂದು ಬಲ್ಲೆ, ಒಂದು ಕೊಡುತ್ತೇನೆ. ಕೀನ್ಯಾದ ಉತ್ತರದಲ್ಲಿ ಟುರ್ಕಾನಾ, ಮಾರ್ಸಬಿಟ್, ವಜೀರ್, ಮಂಡೇರಾ ಎಂಬ ನಾಲ್ಕು ಒಣ ಸೀಮೆಗಳಿವೆ, ದನ ಕುರಿ ಒಂಟೆ ಸಾಕುವವರ ನಾಡು. ಅಲ್ಲೂ ಉಪಗ್ರಹ ಹಸಿರನ್ನು ಅಳೆಯುತ್ತದೆ. ಹಸಿರು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಮೊದಲೇ ನೋಂದಾಯಿಸಿಟ್ಟ ಕುಟುಂಬಗಳ ಬ್ಯಾಂಕ್ ಖಾತೆಗೆ ಹಣ ಹೋಗುತ್ತದೆ. ಯಾವ ಹೊಲ, ಎಷ್ಟು ಎಕರೆ ಎಂದು ಕೇಳುವುದಿಲ್ಲ, ಅಲೆಮಾರಿಗಳಿಗೆ ಹೊಲವೆಲ್ಲಿಯದು. ಆ ವ್ಯವಸ್ಥೆಯಲ್ಲೂ ತಪ್ಪುಗಳಿವೆ, ಹೆಸರು ಬಿಟ್ಟುಹೋದವರಿದ್ದಾರೆ. ಆದರೂ ಆ ಉಪಗ್ರಹ ಮನುಷ್ಯರಿಗೆ ಬರ ಬಂದಿದೆ ಎಂದು ಹೇಳಲು ಕಲಿತಿದೆ. ನಮ್ಮ ಆಕಾಶದಲ್ಲಿರುವುದು ಇನ್ನೂ ಪಹಣಿಯನ್ನೇ ಓದುತ್ತಿದೆ. ಬೆಂಗಳೂರಿನಲ್ಲಿ ಉಪಗ್ರಹ ಮಾಡುವವರೇ ಇದ್ದಾರೆ, ಪಡಿತರ ಚೀಟಿಯ ಪಟ್ಟಿಯಿದೆ, ಗೃಹಲಕ್ಷ್ಮಿಯ ಪಟ್ಟಿಯಿದೆ, ಉದ್ಯೋಗ ಚೀಟಿಯ ಪಟ್ಟಿಯಿದೆ. ಬರ ಘೋಷಣೆಯಾದ ದಿನವೇ ಅವಳ ಖಾತೆಗೆ ಒಂದಿಷ್ಟು ಕೂಲಿ ಹಾಕಲು ಇನ್ನು ಯಾವ ಪಟ್ಟಿ ಬೇಕು?

ಕೊನೆಯದಾಗಿ ಒಂದು ಅನುಕೂಲದ ಮಾತು. ನೀವು ಬರುವುದು ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ, 2023ರಲ್ಲೂ ರಾಜ್ಯಕ್ಕೆ ತಂಡ ಬಂದದ್ದು ಆಗಲೇ. ಅಷ್ಟರಲ್ಲಿ ನಾನು ಹೇಳುತ್ತಿರುವವರಲ್ಲಿ ಹೆಚ್ಚಿನವರು ಊರಲ್ಲಿ ಇರುವುದಿಲ್ಲ. ಕೂಸನ್ನು ಅಜ್ಜಿಯ ಹತ್ತಿರ ಬಿಟ್ಟು, ಬಾಗಿಲಿಗೆ ಬೀಗ ಹಾಕಿ ಬೆಂಗಳೂರಿನ ಬಸ್ಸು ಹತ್ತಿರುತ್ತಾರೆ. ಹೆಂಗಸರಿಗೆ ಟಿಕೆಟ್ಟೂ ಇಲ್ಲ, ಗುಳೆ ಹೋಗುವುದು ಈಗ ಮೊದಲಿಗಿಂತ ಅಗ್ಗ. ಆದ್ದರಿಂದ ಪಾವಗಡದವರೆಗೆ 160 ಕಿಲೋಮೀಟರ್ ಸುಮ್ಮನೆ ಡೀಸೆಲ್ ಸುಡಬೇಡಿ. ಬೆಂಗಳೂರಿನಲ್ಲಿ ನೀವು ಇಳಿದುಕೊಳ್ಳುವ ಹೋಟೆಲಿನಿಂದ ಬೆಳಿಗ್ಗೆ ಬೇಗ ಹೊರಟು ಯಾವುದಾದರೂ ಕೂಲಿ ಅಡ್ಡೆಗೆ ಹೋಗಿ, ಹೊಸ ಲೇಔಟುಗಳ ಹತ್ತಿರವೆಲ್ಲ ಒಂದೊಂದು ಇರುತ್ತದೆ. ಬುತ್ತಿ ಚೀಲ ಹಿಡಿದು ಫುಟ್‌ಪಾತಿನ ಮೇಲೆ ನಿಂತವರಲ್ಲಿ ಕನ್ನಡದ ನಡುವೆ ತೆಲುಗು ಬೆರೆಸಿ ಮಾತಾಡುವವರನ್ನು ಊರು ಯಾವುದೆಂದು ಕೇಳಿ. ಏಳು ಗಂಟೆಯೊಳಗೆ ಹೋಗಬೇಕು. ಎಂಟಕ್ಕೆ ಮೇಸ್ತ್ರಿಗಳು ಆರಿಸಿಕೊಂಡು ಹೋಗಿರುತ್ತಾರೆ, ಆಮೇಲೆ ಉಳಿಯುವವರು ವಯಸ್ಸಾದವರು. ಅವರನ್ನೂ ಮಾತಾಡಿಸಿ, ಪುರುಸೊತ್ತಾಗಿ ಸಿಗುತ್ತಾರೆ.

ಇಂತಿ,
ಪಹಣಿಯ ಒಂಬತ್ತನೇ ಕಾಲಂನಲ್ಲಿ ಹೆಸರಿರುವ ಕಾರಣಕ್ಕೆ ಬರಪೀಡಿತನೆನಿಸಿಕೊಳ್ಳಲು ಅರ್ಹನಾದ,
ಪಾವಗಡ ತಾಲ್ಲೂಕಿನ ಒಬ್ಬ ಖಾತೆದಾರ